ಹಳೇ ಏರ್‌ಗನ್, ಹೊಸ ಏರ್‌ಗನ್

ನಮ್ಮಲ್ಲಿ ಅಪ್ಪನ ಕಾಲದ ಬಿ.ಎಸ್.ಎ. ಏರ್‌ಗನ್ ಇದೆ. ಇಂಗ್ಲೆಂಡಿನ ಆ ಕಂಪನಿ 1905ರಲ್ಲೇ ಈ ತರಹದ್ದು ಮಾಡಿತ್ತು. ನಳಿಗೆ ಅಲುಗದು; ಕೆಳಗಿನ ಸನ್ನೆ ಎಳೆದರೆ ಸ್ಪ್ರಿಂಗ್ ಕೂರುತ್ತದೆ. ಮರದ ಹಿಡಿ ನೇಗಿಲ ಮೇಣಿಯಂತೆ ಸವೆದು ನುಣುಪಾಗಿದೆ.

ಮಗ ತಂದ ಹೊಸದಕ್ಕೆ ಪ್ಲಾಸ್ಟಿಕ್ ಹಿಡಿ. ಮಳೆಗೆ ಜಗ್ಗದು, ಚೆಂದ ಮಾತ್ರ ಇಲ್ಲ ಬಿಡಿ. ಇದರ ನಳಿಗೆಯನ್ನೇ ಮಡಚಬೇಕು. ಗುಂಡು ತುಂಬುವಾಗ ಕುದುರೆಗೆ ಬೆರಳು ತಾಗಿ ನಳಿಗೆ ಪಟ್ಟನೆ ಮೇಲೆದ್ದು ನನ್ನ ಹೆಬ್ಬೆರಳ ಉಗುರೇ ಹೋಯ್ತು. ತಿಂಗಳು ಕುಂಟೆ ಹಿಡಿಯಲಾಗಲಿಲ್ಲ. ತುಂಬುವಾಗ ನಳಿಗೆಯನ್ನು ಒಂದು ಕೈಯಲ್ಲಿ ಬಿಗಿಹಿಡಿದೇ ಇರಿ.

ಹಳೆಯದರ ಚರ್ಮದ ವಾಷರ್ ಒಣಗಿದರೆ ಗಾಳಿ ಸೋರುತ್ತದೆ, ಆಗಾಗ ಎರಡು ತೊಟ್ಟು ಎಣ್ಣೆ ಬೇಕು. ಹೊಸದಕ್ಕೆ ಹಾಗೆ ಬಿಟ್ಟರೆ ಎಣ್ಣೆ ಒಳಗೇ ಹೊತ್ತೀತು. ಕೋತಿ ಬೆದರಿಸಲೆಂದು ಗುಂಡಿಲ್ಲದೆ ಹೊಡೆದರೆ ಎರಡರದ್ದೂ ಪಿಸ್ಟನ್ ಬಡಿದು ಕೆಡುತ್ತದೆ. ಅದಕ್ಕೆ ತಗಡಿನ ಡಬ್ಬವೇ ಸಾಕು.