ಸೈನ್ಯದ ಟ್ರೇಲರಿನಿಂದ ಬಿಡಾರದ ಬಂಡಿ

ಕಲಾ ವಿಭಾಗದ ವಿದ್ಯಾರ್ಥಿಗೆ ಟ್ರೇಲರಿನ ಗೊಡವೆ ಏತಕ್ಕೆ ಎಂದು ನಮ್ಮ ಅಧ್ಯಾಪಕರು ಕೇಳಬಹುದು. ಆದರೆ ಹೊಳಲ್ಕೆರೆ ತಾಲ್ಲೂಕು ಬಿ. ದುರ್ಗದ ಕಡೆಯವರಿಗೆ ಈ ವಿಷಯ ಅಷ್ಟೇನೂ ಹೊಸದಲ್ಲ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಜಾತ್ರೆಗೆ ಎತ್ತಿನ ಗಾಡಿಗೆ ಕಮಾನು ಕಟ್ಟಿ, ಅಕ್ಕಿ ಬೇಳೆ, ಪಾತ್ರೆ ಪಡಗ, ಮೇವು ಸಮೇತ ಹೊರಟು, ಗಾಡಿಯ ಮಗ್ಗುಲಲ್ಲೇ ಒಲೆ ಹೂಡಿ ಗಾಡಿಯಲ್ಲೇ ಮಲಗುವ ಪದ್ಧತಿ ನಮ್ಮ ಜಿಲ್ಲೆಯಲ್ಲಿ ಬಹುಕಾಲದಿಂದ ಇತ್ತು. ಎತ್ತಿನ ಜಾಗದಲ್ಲಿ ಜೀಪನ್ನೂ ಗಾಡಿಯ ಜಾಗದಲ್ಲಿ ಸೈನ್ಯದವರು ಬಿಟ್ಟುಕೊಟ್ಟ ಟ್ರೇಲರನ್ನೂ ಊಹಿಸಿಕೊಂಡರೆ ನಾನು ಹೇಳಹೊರಟ ವಸ್ತು ಕಣ್ಣ ಮುಂದೆ ಬರುತ್ತದೆ.

ಈ ಜಾತಿಯ ಟ್ರೇಲರುಗಳಲ್ಲಿ ಪ್ರಸಿದ್ಧವಾದುದು ಎರಡನೆಯ ಮಹಾಯುದ್ಧದ ಕಾಲು ಟನ್ನಿನ ಜೀಪ್ ಟ್ರೇಲರು. ಅಮೆರಿಕದ ಬ್ಯಾಂಟಮ್ ಮತ್ತು ವಿಲ್ಲೀಸ್ ಕಂಪನಿಗಳು ಇದನ್ನು ತಯಾರಿಸಿದವು. ಪೆಟ್ಟಿಗೆಯ ಉದ್ದ 6 ಅಡಿ, ಅಗಲ 4 ಅಡಿಗೆ ಎರಡಂಗುಲ ಕಡಮೆ, ಆಳ ಒಂದೂವರೆ ಅಡಿ. ಜೀಪಿನ ಚಕ್ರವೇ ಇದಕ್ಕೂ ಹೊಂದುತ್ತದೆ. ಚಕ್ರಗಳ ನಡುವಣ ಅಂತರವೂ ಜೀಪಿನಷ್ಟೇ ಆದ್ದರಿಂದ ಜೀಪು ಮಾಡಿದ ಜಾಡಿನಲ್ಲೇ ಇದು ಹಿಂಬಾಲಿಸುತ್ತದೆ. ಹೊಳೆಯಲ್ಲಿ ತೇಲಲೆಂದು ಪೆಟ್ಟಿಗೆಯನ್ನು ನೀರು ನುಸುಳದಂತೆ ಬೆಸೆದು, ತಳದಲ್ಲಿ ತೂತು ಮಾಡಿ ಬಿರಡೆ ಹಾಕಿದ್ದಾರೆ. ಯುದ್ಧಾನಂತರ ಇಂಥ ಸಾಮಗ್ರಿ ಡಿಸ್ಪೋಸಲ್ ಮಾಲಾಗಿ ಖಾಸಗಿಯವರ ಕೈಸೇರಿತು. ಈಗ ನಮ್ಮ ಸೇನೆ ಬಳಸಿ ಬಿಟ್ಟ ವಾಹನಾದಿಗಳನ್ನು 1964ರಲ್ಲಿ ಸ್ಥಾಪಿತವಾದ ಎಂ.ಎಸ್.ಟಿ.ಸಿ. ಎಂಬ ಸರಕಾರಿ ಸಂಸ್ಥೆಯ ಮೂಲಕ ಹರಾಜು ಹಾಕುವುದುಂಟು.

ಕೊಂಡವರು ಮೊದಲು ಬಣ್ಣದ ಡಬ್ಬಿಗೆ ಕೈಹಾಕುತ್ತಾರೆ. ಮೊದಲು ಹಿಡಿಯಬೇಕಾದುದು ತಕ್ಕಡಿ. ಜೀಪ್ ಟ್ರೇಲರಿನ ಬರಿಯ ತೂಕ ಸುಮಾರು 250 ಕಿಲೋ. ದಾರಿಯಿಲ್ಲದ ನೆಲದಲ್ಲಿ ಅದು ಹೊರಬಹುದಾದ ಭಾರ 500 ಪೌಂಡು, ಅಂದರೆ 227 ಕಿಲೋ. 50 ಲೀಟರ್ ನೀರಿಗೆ 50 ಕಿಲೋ, ಹಾಸಿಗೆ ಸಹಿತ ಡೇರೆಗೆ 60, ಹೊಸ ಮುಚ್ಚಳ ಮತ್ತು ಕಬ್ಬಿಣಕ್ಕೆ 40, ಒಲೆ ಸಿಲಿಂಡರಿಗೆ 30, ಹೆಚ್ಚಿನ ಚಕ್ರಕ್ಕೆ 25 ಎಂದು ಇಟ್ಟುಕೊಳ್ಳೋಣ. ಅಲ್ಲಿಗೆ 205 ಆಯಿತು. ದಿನಸಿ, ಬಟ್ಟೆ, ಹಾರೆ, ಗುದ್ದಲಿ ಎಲ್ಲಕ್ಕೂ ಉಳಿದದ್ದು 22 ಕಿಲೋ ಮಾತ್ರ! ಆದುದರಿಂದ ಬೀರು, ಮೇಜು, ನಲ್ಲಿತೊಟ್ಟಿ ಎಂದು ಮನೆಯನ್ನೇ ಕಟ್ಟಹೊರಡುವವರು ಆ ಟ್ರೇಲರಿನ ಗುಣವನ್ನೇ ಕೊಲ್ಲುತ್ತಾರೆಂದು ನನ್ನ ಅಭಿಪ್ರಾಯ.

ಇನ್ನು ಭಾರದ ಹಂಚಿಕೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಆದರೂ ಈ ಪಾಠ ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು. ಮುಂಭಾರವಾದರೆ ಎತ್ತಿನ ಹೆಗಲು ಹುಣ್ಣಾಗುತ್ತದೆ; ಹಿಂಭಾರವಾದರೆ ನೊಗ ಮೇಲೆದ್ದು ಕೊರಳ ಹಗ್ಗ ಬಿಗಿಯುತ್ತದೆ. ಮೂಕಿ ಸ್ವಲ್ಪವೇ ಭಾರವಾಗಿರಬೇಕು. ಟ್ರೇಲರಿಗೂ ಇದೇ ನ್ಯಾಯ. ಒಟ್ಟು ತೂಕದ ಹತ್ತರಲ್ಲೊಂದು ಪಾಲು, ಇಲ್ಲಿ ಸುಮಾರು 48 ಕಿಲೋ, ಮೂಕಿಯ ತುದಿಯ ಬಳೆಯ ಮೇಲೆ ಬೀಳಬೇಕು. ಅಚ್ಚಿನಿಂದ ಬಳೆಗೆ 6 ಅಡಿಯಿದೆಯೆನ್ನಿ. ಅಚ್ಚಿಗೆ 3 ಅಡಿ ಹಿಂದೆ 40 ಕಿಲೋ ನೀರು ಕಟ್ಟಿದರೆ ಮೂಕಿಯ ಭಾರದಲ್ಲಿ 20 ಕಿಲೋ ಇಳಿದುಹೋಗುತ್ತದೆ. ಆಗ ವೇಗ ಹೆಚ್ಚಿದಂತೆ ಟ್ರೇಲರು ಬಾಲ ಬೀಸತೊಡಗಿ ಜೀಪನ್ನೂ ರಸ್ತೆಯಿಂದ ಎಳೆದುಹಾಕೀತು. ನೀರಿನ ಡಬ್ಬವು ಅಚ್ಚಿನ ನೇರದಲ್ಲಿ, ಆದಷ್ಟೂ ತಳದಲ್ಲಿರತಕ್ಕದ್ದು. ಎತ್ತರದ ಚೌಕಟ್ಟಿನ ಮೇಲೆ ಡೇರೆ ಏರಿಸಿದರೆ ನೋಡಲು ಸೊಗಸು. ಹಳ್ಳದ ಓರೆಯಲ್ಲಿ ಉರುಳುವುದಕ್ಕೂ ಅದೇ ಸುಲಭ. ಕಮಾನು ಗಾಡಿಯಂತೆ ಪೆಟ್ಟಿಗೆಯ ಅಂಚಿನಿಂದಲೇ ಕ್ಯಾನ್‌ವಾಸ್ ಎಬ್ಬಿಸುವುದು ಉತ್ತಮ.

ಒಂದು ಅಪಾಯವನ್ನು ಮಾತ್ರ ಒತ್ತಿ ಹೇಳಬೇಕಾಗಿದೆ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ತಗ್ಗಿನಲ್ಲಿ ಹೋಗಿ ನಿಲ್ಲುತ್ತದೆ. ನೀರು ನುಸುಳದ ಪೆಟ್ಟಿಗೆಯಿಂದ ಅನಿಲವೂ ಹೊರಗೆ ನುಸುಳಲಾರದು. ನದಿಯಲ್ಲಿ ತೇಲಿಸಿದ ಗುಣವೇ ಹಾಸಿಗೆಯ ಕೆಳಗೆ ಮೃತ್ಯುವಾಗಬಹುದು. ಸಿಲಿಂಡರು ಹೊರಗೆ, ಮೂಕಿಯ ಮೇಲೆ, ನೆಟ್ಟಗೆ ನಿಂತಿರಲಿ. ಪೆಟ್ಟಿಗೆಯ ಮೇಲೆ ಮನುಷ್ಯರು ಮಲಗುವಾಗ ತಳದ ಬಿರಡೆಗಳನ್ನು ತೆಗೆದಿಡಬೇಕು.

ಮಿಕ್ಕ ಕೆಲಸ ನಮ್ಮ ಊರುಗಳ ಟ್ರ್ಯಾಕ್ಟರ್ ವರ್ಕ್‌ಷಾಪಿನವರಿಗೆ ಕರತಲಾಮಲಕ: ಬೇರಿಂಗ್ ತೊಳೆದು ಗ್ರೀಸು ತುಂಬುವುದು, ತುಕ್ಕು ಹಿಡಿದ ತಗಡು ಕತ್ತರಿಸಿ ಹೊಸದನ್ನು ಬೆಸೆಯುವುದು, ಪಟ್ಟಿಗಳನ್ನು ಬಿಚ್ಚಿ ಬಿರುಕು ನೋಡುವುದು. ಈ ಟ್ರೇಲರಿಗೆ ನಿಂತಾಗ ಹಿಡಿಯುವ ಕೈಬ್ರೇಕು ಮಾತ್ರ ಇದೆ, ಓಡುವಾಗ ನಿಲ್ಲಿಸುವ ಬ್ರೇಕಿಲ್ಲ. ಇಳಿಜಾರಿನಲ್ಲಿ ಅದರ ಭಾರವನ್ನೂ ಜೀಪಿನ ಬ್ರೇಕೇ ತಡೆಯಬೇಕೆಂಬುದು ಚಾಲಕನ ನೆನಪಿನಲ್ಲಿರಲಿ. ಚಲಿಸುವಾಗ ಒಳಗೆ ಯಾರನ್ನೂ ಕೂರಿಸಕೂಡದು.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಟ್ರೇಲರಿಗೂ ನೋಂದಣಿ ಬೇಕು. ತಯಾರಕರು ನಮೂದಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ಅದರ 52ನೆಯ ಪ್ರಕರಣ ನಿರ್ಬಂಧಿಸುತ್ತದೆ; 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನು ಎತ್ತಿಹಿಡಿಯಿತು. ಆದಕಾರಣ ಚೌಕಟ್ಟನ್ನಾಗಲಿ ಅಚ್ಚನ್ನಾಗಲಿ ಮುಟ್ಟದೆ, ಬಿಚ್ಚಿ ಕೆಳಗಿಡಬಹುದಾದ ಸಾಮಾನುಗಳಿಂದಲೇ ಬಿಡಾರ ಕಟ್ಟುವುದು ಮೇಲು; ಅದಕ್ಕೂ ಮುಂಚೆ ಸಾರಿಗೆ ಕಚೇರಿಯಲ್ಲಿ ವಿಚಾರಿಸಿಕೊಳ್ಳಬೇಕು. ಹರಾಜಿನ ಕಾಗದಪತ್ರವಿಲ್ಲದ ಟ್ರೇಲರನ್ನು ಯಾರು ಎಷ್ಟು ಅಗ್ಗಕ್ಕೆ ಕೊಟ್ಟರೂ ಕೊಳ್ಳಬಾರದು.