ಕಾಲೇಜು ಪ್ರಾಜೆಕ್ಟಿನ ವೆಬ್‌ಸೈಟ್: ಅಂದಗೊಳಿಸಿ, ಆನ್‌ಲೈನ್‌ಗೆ ಏರಿಸಿ

ಬಿಸಿಎ, ಡಿಪ್ಲೊಮಾ ಓದುವವರು ಪ್ರಾಜೆಕ್ಟಿಗೆಂದು ಮಾಡಿದ ವೆಬ್‌ಸೈಟ್ ಅಂಕ ಬಿದ್ದ ಮೇಲೆ ಪೆನ್‌ಡ್ರೈವ್‌ನಲ್ಲೇ ಮಲಗಿಬಿಡುತ್ತದೆ. ಗದಗ ಜಿಲ್ಲೆಯಲ್ಲಿ ವಿಷಯಕ್ಕಂತೂ ಬರವಿಲ್ಲ: ಬೆಟಗೇರಿಯ ನೇಕಾರಿಕೆ, ಲಕ್ಷ್ಮೇಶ್ವರದ ಸೋಮೇಶ್ವರ ದೇವಾಲಯ, ಶಿರಹಟ್ಟಿಯ ಫಕೀರೇಶ್ವರ ಮಠ, ಮುಂಡರಗಿ ಕಡೆಯ ಕಪ್ಪತಗುಡ್ಡ, 2024ರಲ್ಲಿ ರಾಮ್‌ಸಾರ್ ಪಟ್ಟಿಗೆ ಸೇರಿದ ಮಾಗಡಿ ಕೆರೆ. ಇಂಥ ವಿಷಯದ ಪುಟವೊಂದನ್ನು ಚೆಂದ ಕಾಣುವಂತೆ ಮಾಡಿ ಆನ್‌ಲೈನ್‌ಗೆ ಏರಿಸಲು ಒಂದು ಸಂಜೆ ಸಾಕು. ದುಡ್ಡೂ ಬೇಕಿಲ್ಲ.

ಮೊದಲು ಅಕ್ಷರ

ಪುಟ ಚೆಂದ ಕಾಣಬೇಕೆಂದರೆ ಹುಡುಗರು ಬಣ್ಣಕ್ಕೆ ಕೈ ಹಾಕುತ್ತಾರೆ. ನನ್ನ ಪ್ರಕಾರ ಮುಕ್ಕಾಲು ಪಾಲು ಕೆಲಸ ಅಕ್ಷರದ್ದೇ. ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಬೇರೆಯವರ ಮೊಬೈಲಿನಲ್ಲಿ ಅದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತದೆ. ಮೊದಲು ಯುನಿಕೋಡ್‌ಗೆ ಬದಲಿಸಿ. ಪುಟದ ಹೆಡ್ ಭಾಗದಲ್ಲಿ ಯುಟಿಎಫ್-8 ಚಾರ್‌ಸೆಟ್ ಸಾಲು ಇದೆಯೇ ನೋಡಿಕೊಳ್ಳಿ. ಗೂಗಲ್ ಫಾಂಟ್ಸ್‌ನಲ್ಲಿ ನೋಟೊ ಸಾನ್ಸ್ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ 2 ಉಚಿತವಾಗಿ ಸಿಗುತ್ತವೆ. ನಮ್ಮ ಪಕ್ಕದ ಊರಿನ ಹೆಸರಿನ ‘ಹುಬ್ಬಳ್ಳಿ’ ಫಾಂಟೂ ಅಲ್ಲಿದೆ. ಶೀರ್ಷಿಕೆಗೊಂದು, ಬರಹಕ್ಕೊಂದು ಸಾಕು.

ಸಾಲಿನ ಅಂತರವನ್ನು ಪರೀಕ್ಷಿಸಲು ‘ಲಕ್ಷ್ಮೇಶ್ವರ’ ಎಂದು ನಾಲ್ಕು ಸಾಲು ತುಂಬಾ ಬರೆಯಿರಿ. ‘ಕ್ಷ್ಮೇ’ಯಲ್ಲಿ ಎರಡು ಒತ್ತುಗಳಿವೆ. ಸಾಲುಗಳನ್ನು ಒತ್ತೊತ್ತಾಗಿ ಇಟ್ಟರೆ ಅವು ಕೆಳಗಿನ ಸಾಲಿನ ಗುಣಿತಕ್ಕೆ ತಾಗುತ್ತವೆ. ಸಿಎಸ್‌ಎಸ್‌ನಲ್ಲಿ ಲೈನ್-ಹೈಟ್ 1.7, ಅಕ್ಷರದ ಗಾತ್ರ 18 ಪಿಕ್ಸೆಲ್, ಬರಹದ ಗರಿಷ್ಠ ಅಗಲ 700 ಪಿಕ್ಸೆಲ್ ಇಟ್ಟು ನೋಡಿ. ಜಸ್ಟಿಫೈ ಬೇಡ. ಕನ್ನಡದ ಪದಗಳು ಉದ್ದ. ಮೊಬೈಲಿನ ಕಿರಿದಾದ ಪರದೆಯಲ್ಲಿ ಪದಗಳ ನಡುವೆ ದೊಡ್ಡ ಕಂದಕ ಬೀಳುತ್ತದೆ.

ಬಣ್ಣಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಬೆಟಗೇರಿ ಸೀರೆಯ ಫೋಟೊ ಒಂದನ್ನು ತೆರೆದು, ಕಲರ್ ಪಿಕರ್‌ನಿಂದ ಸೆರಗಿನದೊಂದು, ಒಡಲಿನದೊಂದು ಬಣ್ಣ ಎತ್ತಿಕೊಳ್ಳಿ. ಹಿನ್ನೆಲೆ ಬಿಳಿಯೇ ಇರಲಿ. ಓಡುವ ಮಾರ್ಕೀ ಅಕ್ಷರಗಳನ್ನು ದಯವಿಟ್ಟು ತೆಗೆಯಿರಿ. ಆ ಟ್ಯಾಗ್ ಬಳಕೆಯಿಂದ ಹೊರಬಿದ್ದು ಎಷ್ಟೋ ಕಾಲವಾಯಿತು.

ಮೊಬೈಲ್, ಫೋಟೊ

ಬಹುತೇಕರು ನೋಡುವುದು ಮೊಬೈಲಿನಲ್ಲೇ. ವ್ಯೂಪೋರ್ಟ್ ಮೆಟಾ ಸಾಲು ಸೇರಿಸಿ, ಚಿತ್ರಗಳಿಗೆ ಗರಿಷ್ಠ ಅಗಲ ಶೇ 100 ಎಂದು ಕೊಡಿ. ಕ್ರೋಮ್‌ನಲ್ಲಿ ಎಫ್12 ಒತ್ತಿದರೆ ಮೊಬೈಲ್ ಅಳತೆಯಲ್ಲಿ ನೋಡುವ ಸೌಲಭ್ಯ ಸಿಗುತ್ತದೆ. ಮಾಗಡಿ ಕೆರೆಯ ಹೆಬ್ಬಾತುಗಳ ಫೋಟೊ ಕ್ಯಾಮೆರಾದಿಂದ ಬಂದಾಗ 5 ಎಂಬಿ ಇದ್ದೀತು. ಸ್ಕ್ವೂಶ್ ಎಂಬ ಉಚಿತ ತಾಣದಲ್ಲಿ 200 ಕೆಬಿ ಆಸುಪಾಸಿಗೆ ಇಳಿಸಿ. ಬೇರೆಯವರು ತೆಗೆದ ಫೋಟೊ ಆದರೆ ಅನುಮತಿ ಕೇಳಿ, ಹೆಸರು ಹಾಕಿ.

ಆನ್‌ಲೈನ್‌ಗೆ

ಪುಟವನ್ನು ಉಚಿತವಾಗಿ ಇಡಲು ಗಿಟ್‌ಹಬ್ ತಾಣದಲ್ಲಿ ಖಾತೆ ತೆರೆಯಿರಿ. ಆ ಖಾತೆಯ ಹೆಸರೇ ವಿಳಾಸವಾಗುವುದರಿಂದ ಗಂಭೀರವಾದದ್ದು ಇರಲಿ, ಮುಂದೆ ಕೆಲಸದ ಅರ್ಜಿಯಲ್ಲಿ ಬರೆಯಬೇಕಾಗುತ್ತದೆ. ‘ಖಾತೆಯ ಹೆಸರು ಡಾಟ್ ಗಿಟ್‌ಹಬ್ ಡಾಟ್ ಐಒ’ ಎಂಬ ಹೆಸರಿನಲ್ಲೇ ಪಬ್ಲಿಕ್ ರೆಪೊಸಿಟರಿ ಮಾಡಿ, ಅಪ್‌ಲೋಡ್ ಫೈಲ್ಸ್ ಒತ್ತಿ, ಫೋಲ್ಡರಿನೊಳಗಿನ ಎಲ್ಲವನ್ನೂ ಎಳೆದು ಹಾಕಿ, ಕಮಿಟ್ ಮಾಡಿ. ನಂತರ ಸೆಟ್ಟಿಂಗ್ಸ್‌ನಲ್ಲಿ ಪೇಜಸ್‌ಗೆ ಹೋಗಿ ಮೇನ್ ಬ್ರಾಂಚ್, ರೂಟ್ ಆರಿಸಿ ಸೇವ್ ಮಾಡಿ. ಕೆಲವೇ ನಿಮಿಷಗಳಲ್ಲಿ ತಾಣ ತೆರೆದುಕೊಳ್ಳುತ್ತದೆ.

ಹೆಚ್ಚಿನವರು ಎಡವುವುದು ಫೈಲಿನ ಹೆಸರಿನಲ್ಲಿ. ಮುಖಪುಟದ ಹೆಸರು ಇಂಡೆಕ್ಸ್ ಡಾಟ್ ಎಚ್‌ಟಿಎಂಎಲ್ ಎಂದೇ, ಸಣ್ಣಕ್ಷರದಲ್ಲೇ ಇರಬೇಕು. ವಿಂಡೋಸ್‌ಗೆ ಕ್ಯಾಪಿಟಲ್, ಸ್ಮಾಲ್ ಅಕ್ಷರಗಳ ಭೇದವಿಲ್ಲ. ಗಿಟ್‌ಹಬ್ ಪೇಜಸ್‌ಗೆ ಇದೆ. ಲ್ಯಾಬಿನಲ್ಲಿ ಸರಿಯಾಗಿ ಕಂಡ ಸೋಮೇಶ್ವರ ಗುಡಿಯ ಚಿತ್ರ ಆನ್‌ಲೈನ್‌ನಲ್ಲಿ ಮಾಯವಾಗಲು ಕೋಡಿನಲ್ಲಿ ಸಣ್ಣಕ್ಷರದ ‘ಜೆಪಿಜಿ’, ಫೈಲಿನಲ್ಲಿ ಕ್ಯಾಪಿಟಲ್ ‘ಜೆಪಿಜಿ’ ಇದ್ದರೂ ಸಾಕು. ಎಲ್ಲ ಹೆಸರುಗಳನ್ನೂ ಸಣ್ಣಕ್ಷರದಲ್ಲಿ, ಖಾಲಿ ಜಾಗ ಬಿಡದೆ ಬರೆಯಿರಿ.

ಪಿಎಚ್‌ಪಿ, ಮೈಎಸ್‌ಕ್ಯೂಎಲ್ ಗಿಟ್‌ಹಬ್ ಪೇಜಸ್‌ನಲ್ಲಿ ನಡೆಯುವುದಿಲ್ಲ. ಅಭಿಪ್ರಾಯ ಬರೆಸಿಕೊಳ್ಳಬೇಕಿದ್ದರೆ ಗೂಗಲ್ ಫಾರ್ಮ್‌ನ ಕೊಂಡಿ ಕೊಡಿ.

ಕೊನೆಗೊಂದು ಎಚ್ಚರಿಕೆ. ಪಬ್ಲಿಕ್ ರೆಪೊಸಿಟರಿಯನ್ನು ಯಾರು ಬೇಕಾದರೂ ತೆರೆದು ನೋಡಬಹುದು. ಪಾಸ್‌ವರ್ಡ್, ಗೆಳೆಯರ ಫೋನ್ ನಂಬರ್, ಆಧಾರ್ ಪ್ರತಿ ಇರುವ ಫೈಲುಗಳನ್ನು ಅಪ್‌ಲೋಡ್‌ಗೆ ಮೊದಲೇ ಹೊರಗಿಡಿ. ಆಮೇಲೆ ಅಳಿಸಿದರೂ ಹಳೆಯ ಆವೃತ್ತಿ ಹಿಸ್ಟರಿಯಲ್ಲಿ ಉಳಿದೇ ಇರುತ್ತದೆ.