ಶಸ್ತ್ರಚಿಕಿತ್ಸೆಯ ವಿವರವೂ ಒಂದು ಅಮಾನತ್

ಸಾಲದ ಪತ್ರವನ್ನು ನಾವು ಜೋಪಾನವಾಗಿ ಇಡುತ್ತೇವೆ. ಜಮೀನಿನ ಕಾಗದ, ರೇಷನ್ ಕಾರ್ಡು, ನಿಕಾಹ್‌ನಾಮಾ ಎಲ್ಲಕ್ಕೂ ಮನೆಯ ಪೆಟ್ಟಿಗೆಯಲ್ಲಿ ಒಂದು ಜಾಗವಿದೆ. ಆದರೆ ನಮ್ಮ ದೇಹವನ್ನು ತೆರೆದು ಒಳಗೆ ಏನು ಮಾಡಲಾಯಿತು ಎಂದು ತಿಳಿಸುವ ಕಾಗದಕ್ಕೆ? ಅದು ಔಷಧಿ ಅಂಗಡಿಯ ಚೀಟಿಗಳೊಂದಿಗೆ ಪ್ಲಾಸ್ಟಿಕ್ ಚೀಲದಲ್ಲಿ ಮುದುಡಿ ಬಿದ್ದಿರುತ್ತದೆ. ಕೆಲವು ತಿಂಗಳ ನಂತರ ಅದೂ ಇರುವುದಿಲ್ಲ.

ನಮ್ಮ ಕುಟುಂಬದಲ್ಲೇ ನಡೆದ ಘಟನೆಯೊಂದನ್ನು ಓದುಗರ ಮುಂದಿಡುತ್ತೇನೆ. ನನ್ನ ಖಾಲಾ ನಲವತ್ತೊಂದನೆಯ ವಯಸ್ಸಿನಲ್ಲಿ ಗರ್ಭಕೋಶದ ಶಸ್ತ್ರಚಿಕಿತ್ಸೆಗೆ ಒಳಗಾದರು. "ಗರ್ಭಕೋಶ ತೆಗೆದರು" ಎಂಬುದಷ್ಟೇ ಅವರಿಗೆ ಗೊತ್ತಿತ್ತು. ಎಂಟು ವರ್ಷಗಳ ನಂತರ ಅವರು ಅಂಗಳದಲ್ಲಿ ಜಾರಿ ಬಿದ್ದರು. ದೊಡ್ಡ ಬೀಳೇನೂ ಅಲ್ಲ, ಆದರೂ ಮಣಿಕಟ್ಟಿನ ಮೂಳೆ ಮುರಿಯಿತು. ಮೂಳೆ ಸವೆದಿರುವುದನ್ನು ಕಂಡ ವೈದ್ಯರು, "ಗರ್ಭಕೋಶದ ಜೊತೆ ಅಂಡಾಶಯಗಳನ್ನೂ ತೆಗೆದಿದ್ದಾರೆಯೇ?" ಎಂದು ಕೇಳಿದರು. ಖಾಲಾ ಖಾಲೂರ ಮುಖ ನೋಡಿದರು. ಖಾಲೂ ನನ್ನ ಮುಖ ನೋಡಿದರು.

ಮನೆಯ ಪೆಟ್ಟಿಗೆಯನ್ನು ತಡಕಾಡಿದಾಗ ಆಸ್ಪತ್ರೆಯ ಬಿಲ್ಲು ಸಿಕ್ಕಿತು. ಸಾಲ ಮಾಡಿ ಕಟ್ಟಿದ ಹಣವಾದ್ದರಿಂದ ಅದನ್ನು ಮಡಿಸಿ ಇಟ್ಟಿದ್ದರು. ಡಿಸ್ಚಾರ್ಜ್ ಸಮ್ಮರಿ ಸಿಗಲಿಲ್ಲ. ಆಸ್ಪತ್ರೆಯಲ್ಲಿ ಅಷ್ಟು ಹಳೆಯ ದಾಖಲೆ ಉಳಿದಿರಲಿಲ್ಲ. ಕೊನೆಗೆ ಸ್ಕ್ಯಾನಿಂಗ್ ಮಾಡಿಸಿದಾಗ ಎರಡೂ ಅಂಡಾಶಯಗಳು ಇಲ್ಲವೆಂದು ತಿಳಿಯಿತು. ಮುಟ್ಟು ಸಹಜವಾಗಿ ನಿಲ್ಲುವ ಮೊದಲೇ ಅಂಡಾಶಯಗಳನ್ನು ತೆಗೆದರೆ, ಮೂಳೆಯನ್ನು ಕಾಯುವ ಹಾರ್ಮೋನು ಒಮ್ಮೆಲೇ ಕುಸಿಯುತ್ತದೆ. ಇದು ಮೊದಲೇ ತಿಳಿದಿದ್ದರೆ ಮೂಳೆಯ ಆರೈಕೆಯನ್ನು ವರ್ಷಗಳ ಹಿಂದೆಯೇ ಆರಂಭಿಸಬಹುದಿತ್ತು ಎಂದರು ವೈದ್ಯರು.

ಖಾಲೂ ಆಗ ಬಾಯಿಬಿಟ್ಟರು. ಥಿಯೇಟರಿನ ಬಾಗಿಲಲ್ಲಿ ವೈದ್ಯರು ಅವರಿಗೆ ಎಲ್ಲವನ್ನೂ ಹೇಳಿದ್ದರಂತೆ. "ಅವಳು ನೊಂದುಕೊಳ್ಳುತ್ತಾಳೆಂದು ಹೇಳಲಿಲ್ಲ, ಆಮೇಲೆ ಮರೆತೇ ಹೋಯಿತು" ಎಂದರು. ಅವರನ್ನು ದೂಷಿಸಲು ನನಗೆ ಬಾಯಿಲ್ಲ. ಅಂದು ಬಿಡುಗಡೆಯ ಫೈಲನ್ನು ಕೈಯಲ್ಲಿ ಪಡೆದವನು ನಾನು. ಬಿಲ್ಲಿನ ಮೊತ್ತವನ್ನು ಎರಡು ಸಲ ಕೂಡಿಸಿ ನೋಡಿದ್ದೆ. ಸಮ್ಮರಿಯ ಒಂದು ಸಾಲನ್ನೂ ಓದಿರಲಿಲ್ಲ. ಖಾಲಾ ಹೇಳಿದ್ದು ಇಷ್ಟೇ: "ನನ್ನ ಹೊಟ್ಟೆಯೊಳಗಿನ ಸುದ್ದಿ ನನಗೊಬ್ಬಳಿಗೇ ಗೊತ್ತಿರಲಿಲ್ಲವಲ್ಲ ಬೇಟಾ!"

ವಿವರ ಯಾರ ಸೊತ್ತು?

ಅಮಾನತ್ತನ್ನು ಅದರ ಹಕ್ಕುದಾರರಿಗೆ ಒಪ್ಪಿಸಬೇಕೆಂದು ಪವಿತ್ರ ಕುರ್‌ಆನ್ ಆಜ್ಞಾಪಿಸುತ್ತದೆ (4:58). ಅಮಾನತ್ ಎಂದೊಡನೆ ನಮಗೆ ಹಣ, ಒಡವೆ ನೆನಪಾಗುತ್ತವೆ. ಆದರೆ ಒಬ್ಬರಿಗೆ ಸೇರಿದ ಮಾಹಿತಿ ನಮ್ಮ ಬಳಿ ಇದ್ದರೆ ಅದೂ ಅಮಾನತ್ತೇ. ರೋಗಿ ಪ್ರಜ್ಞೆ ತಪ್ಪಿ ಮಲಗಿದ್ದಾಗ ವೈದ್ಯರು ಹೇಳಿದ್ದನ್ನು ನಾವು ಅವರ ಪರವಾಗಿ ಕೇಳಿಸಿಕೊಂಡಿದ್ದೇವೆ. ಅವರು ಎಚ್ಚೆತ್ತು ಚೇತರಿಸಿಕೊಂಡ ಮೇಲೆ ಅದನ್ನು ಅವರಿಗೆ ಒಪ್ಪಿಸಬೇಕು. "ಹೆಂಗಸರಿಗೆ ಇದೆಲ್ಲ ಯಾಕೆ?" ಎನ್ನುವುದು ಅಮಾನತ್ತನ್ನು ಹಿಡಿದಿಟ್ಟುಕೊಂಡಂತೆ. ಯಾರಾದರೂ ತಾವಾಗಿ "ನನಗೆ ಹೇಳಬೇಡಿ" ಎಂದರೆ ಅದು ಅವರ ಇಚ್ಛೆ. ಆ ತೀರ್ಮಾನವನ್ನು ಅವರ ಪರವಾಗಿ ನಾವು ಮಾಡುವಂತಿಲ್ಲ. ಗಂಭೀರ ಕಾಯಿಲೆಯಾಗಿದ್ದರಂತೂ ಸಾಲ ತೀರಿಸಲು, ವಸಿಯ್ಯತ್ ಬರೆಯಲು, ಮುನಿಸಿಕೊಂಡವರೊಡನೆ ರಾಜಿಯಾಗಲು ಅವರಿಗೆ ಸತ್ಯ ತಿಳಿದಿರಬೇಕಲ್ಲವೇ?

ಕುರ್‌ಆನಿನ ಅತಿ ದೀರ್ಘ ಸೂಕ್ತ (2:282) ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆ ಇದೆ. ಮೊತ್ತ ಚಿಕ್ಕದಿರಲಿ ದೊಡ್ಡದಿರಲಿ ಬರೆಯಲು ಬೇಸರಿಸಬಾರದು, ಬರೆಯಬಲ್ಲವನು ನಿರಾಕರಿಸಬಾರದು, ಹೇಳಿ ಬರೆಸಲು ಶಕ್ತಿಯಿಲ್ಲದವನ ಪರವಾಗಿ ಅವನ ಪೋಷಕ ನ್ಯಾಯದಿಂದ ಬರೆಸಬೇಕು ಎಂದು ಅದು ಕಲಿಸುತ್ತದೆ. ಮುಂದೆ ಸಂಶಯ ಉಳಿಯಬಾರದೆಂಬುದೇ ಅದರ ಆಶಯ. ಹಣದ ವಿಷಯದಲ್ಲೇ ಇಷ್ಟು ಎಚ್ಚರ ಬೇಕಾದರೆ ದೇಹದ ವಿಷಯದಲ್ಲಿ ಎಷ್ಟು ಬೇಕು!

ಹಿಂದಿನವರು ಇದನ್ನು ಅರಿತಿದ್ದರು. 12ನೇ ಶತಮಾನದಲ್ಲಿ ಸಿರಿಯಾದ ವಿದ್ವಾಂಸ ಶೈಝರಿ ಪೇಟೆಯ ಮೇಲ್ವಿಚಾರಕರಿಗಾಗಿ ಒಂದು ಕೈಪಿಡಿ ಬರೆದರು. ವೈದ್ಯನು ರೋಗಿ ಹೇಳಿದ್ದನ್ನೂ ತಾನು ಸೂಚಿಸಿದ ಚಿಕಿತ್ಸೆಯನ್ನೂ ಬರೆದು, ಅಲ್ಲಿದ್ದವರ ಸಾಕ್ಷ್ಯದೊಂದಿಗೆ ಪ್ರತಿಯನ್ನು ರೋಗಿಯ ಮನೆಯವರಿಗೆ ಕೊಡಬೇಕಾದ ಕ್ರಮವನ್ನು ಅದರಲ್ಲಿ ವಿವರಿಸಿದ್ದಾರೆ. ರೋಗಿ ಮೃತಪಟ್ಟರೆ ಮನೆಯವರು ಆ ಕಾಗದಗಳನ್ನು ಹಿರಿಯ ವೈದ್ಯನಿಗೆ ತೋರಿಸಿ ವಿಚಾರಿಸಬಹುದಿತ್ತು.

ಕಾನೂನು ಏನು ಹೇಳುತ್ತದೆ?

ನಮ್ಮ ದೇಶದ ಕಾನೂನೂ ರೋಗಿಯ ಪರವಾಗಿದೆ. ವೈದ್ಯರ ವೃತ್ತಿನಡತೆಯ ಬಗ್ಗೆ 2002ರಲ್ಲಿ ಭಾರತೀಯ ವೈದ್ಯಕೀಯ ಪರಿಷತ್ತು ರೂಪಿಸಿದ ನಿಯಮಗಳ ಪ್ರಕಾರ, ಒಳರೋಗಿಗಳ ದಾಖಲೆಗಳನ್ನು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷ ಕಾಪಾಡಬೇಕು. ರೋಗಿ ಅಥವಾ ಅವರಿಂದ ಅಧಿಕಾರ ಪಡೆದವರು ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕು. ಮೂರು ವರ್ಷ ಎಂಬುದನ್ನು ಗಮನಿಸಿರಿ. ಅದಾದ ಮೇಲೆ ನಿಮ್ಮ ಪೆಟ್ಟಿಗೆಯಲ್ಲಿರುವ ಕಾಗದವೇ ಏಕೈಕ ದಾಖಲೆಯಾಗಿರಬಹುದು. 2018ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲೂ ಮಾಹಿತಿ ಮತ್ತು ದಾಖಲೆ ಪಡೆಯುವ ಹಕ್ಕು ಸೇರಿದೆ.

2008ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪೊಂದು ಇನ್ನೂ ಸ್ಪಷ್ಟವಾಗಿದೆ. ಪರೀಕ್ಷೆಗೆಂದು ಮಾತ್ರ ಒಪ್ಪಿಗೆ ಕೊಟ್ಟಿದ್ದ ಮಹಿಳೆಯೊಬ್ಬರು ಅರಿವಳಿಕೆಯಲ್ಲಿದ್ದಾಗ, ಅವರ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ ಮತ್ತು ಅಂಡಾಶಯಗಳನ್ನು ತೆಗೆಯಲಾಗಿತ್ತು. ಪ್ರಾಣಾಪಾಯದ ತುರ್ತು ಇಲ್ಲದಿರುವಾಗ, ಪ್ರಾಯಕ್ಕೆ ಬಂದ, ಸ್ವಂತ ನಿರ್ಧಾರಕ್ಕೆ ಸಮರ್ಥರಾದ ರೋಗಿಯ ಬದಲಿಗೆ ತಾಯಿ ಕೊಟ್ಟ ಒಪ್ಪಿಗೆ ಸಲ್ಲದು ಎಂದು ನ್ಯಾಯಾಲಯ ಹೇಳಿತು.

ಕೇಳಿ ತಿಳಿಯಬೇಕಾದವು

ಡಿಸ್ಚಾರ್ಜ್ ಸಮ್ಮರಿ ಒಂದು ಸಾರಾಂಶ ಮಾತ್ರ. ಶಸ್ತ್ರಚಿಕಿತ್ಸೆಯ ಪೂರ್ಣ ವಿವರ 'ಆಪರೇಷನ್ ನೋಟ್ಸ್' ಎಂಬ ಬೇರೆ ಹಾಳೆಯಲ್ಲಿರುತ್ತದೆ. ಸಾಮಾನ್ಯವಾಗಿ ಅದು ಆಸ್ಪತ್ರೆಯ ಫೈಲಿನಲ್ಲೇ ಉಳಿಯುತ್ತದೆ. ಅದರ ಪ್ರತಿಯನ್ನೂ ಕೇಳಿ ಪಡೆಯಿರಿ. ಬಿಡುಗಡೆಯ ದಿನ ಈ ಪ್ರಶ್ನೆಗಳನ್ನು ಮರೆಯಬೇಡಿ:

1. ಒಳಗೆ ಏನು ಕಂಡಿತು? ಯಾವುದನ್ನು ತೆಗೆದರು, ಯಾವುದನ್ನು ಉಳಿಸಿದರು?

2. ಒಳಗೆ ಏನಾದರೂ ಇಟ್ಟಿದ್ದಾರೆಯೇ? ತೆಗೆಸಬೇಕಾದದ್ದೇ, ಯಾವಾಗ? ಕಿಡ್ನಿ ಕಲ್ಲಿನ ಚಿಕಿತ್ಸೆಯ ನಂತರ ಮೂತ್ರನಾಳದಲ್ಲಿ ಇಡುವ ಸ್ಟೆಂಟ್ ಸಾಮಾನ್ಯವಾಗಿ ತಾತ್ಕಾಲಿಕ. ನೋವು ಹೋಯಿತೆಂದು ಮರೆತರೆ ಅದರ ಮೇಲೆಯೇ ಕಲ್ಲು ಕಟ್ಟಿ ಕಿಡ್ನಿಗೆ ಹಾನಿಯಾಗಬಹುದು. ಹೃದಯದ ಸ್ಟೆಂಟ್ ಹಾಗಲ್ಲ, ಅದು ಶಾಶ್ವತವಾಗಿ ಇರುತ್ತದೆ. ಆದರೆ ಅದಕ್ಕೆ ಸಂಬಂಧಿಸಿದ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ನಿಲ್ಲಿಸಬಾರದು.

3. ಬಯಾಪ್ಸಿಗೆ ಕಳುಹಿಸಿದ್ದಾರೆಯೇ? ಅದರ ವರದಿ ಹೆಚ್ಚಾಗಿ ಮನೆಗೆ ಬಂದ ಮೇಲೆ ಸಿದ್ಧವಾಗುತ್ತದೆ. ಯಾರು, ಯಾವ ದಿನ ಹೋಗಿ ತರಬೇಕೆಂದು ಬರೆದುಕೊಳ್ಳಿರಿ.

4. ಸಿಸೇರಿಯನ್ ಆಗಿದ್ದರೆ ಗರ್ಭಕೋಶವನ್ನು ಅಡ್ಡಲಾಗಿ ಕೊಯ್ದರೇ, ಉದ್ದಕ್ಕೆ ಕೊಯ್ದರೇ? ಹೊಟ್ಟೆಯ ಮೇಲಿನ ಗಾಯ ನೋಡಿ ಇದು ತಿಳಿಯದು. ಮೇಲ್ಭಾಗದಲ್ಲಿ ಉದ್ದಕ್ಕೆ ಕೊಯ್ದಿದ್ದರೆ ಮುಂದಿನ ಹೆರಿಗೆಯಲ್ಲಿ ಗರ್ಭಕೋಶ ಬಿರಿಯುವ ಅಪಾಯ ಹೆಚ್ಚು.

5. ರಕ್ತ ಕೊಟ್ಟರೇ? ಅರಿವಳಿಕೆ ಅಥವಾ ಯಾವುದಾದರೂ ಔಷಧಿ ಒಗ್ಗಲಿಲ್ಲವೇ?

6. ಯಾವ ಲಕ್ಷಣ ಕಂಡರೆ ಕಾಯದೆ ಮರಳಿ ಬರಬೇಕು?

ಅರಿವಳಿಕೆಯ ಮಂಪರಿನಲ್ಲಿರುವಾಗ ಹೇಳಿದ್ದು ನೆನಪಿನಲ್ಲಿ ಉಳಿಯುವುದಿಲ್ಲ. ಆದ್ದರಿಂದ ರೋಗಿ ಎದ್ದು ಕುಳಿತು ಮಾತನಾಡುವಂತಾದ ಮೇಲೆ, ಅವರ ಎದುರಿನಲ್ಲೇ ಕೇಳಿರಿ. "ಡಾಕ್ಟ್ರೇ, ನನಗೆ ಅರ್ಥವಾದದ್ದು ಹೀಗೆ, ಸರಿಯೇ?" ಎಂದು ನಿಮ್ಮ ಮಾತಿನಲ್ಲಿ ತಿರುಗಿ ಹೇಳಿದರೆ ತಪ್ಪು ತಿಳುವಳಿಕೆ ಅಲ್ಲಿಯೇ ಹೋಗುತ್ತದೆ. ಸಂಕೋಚಪಡುವ ಸ್ತ್ರೀಯರು ವೈದ್ಯೆಯೊಡನೆಯೋ ದಾದಿಯೊಡನೆಯೋ ಮಾತನಾಡಿಸುವಂತೆ ಕೇಳಬಹುದು. ವೈದ್ಯರಿಗೆ ಸಮಯ ಕಡಿಮೆ, ರೋಗಿಗಳು ಬಹಳ. ಆದ್ದರಿಂದ ಪ್ರಶ್ನೆಗಳನ್ನು ಮೊದಲೇ ಬರೆದುಕೊಂಡು ವಿನಯದಿಂದ ಕೇಳುವುದು ಒಳ್ಳೆಯದು.

ಈ ಅಮಾನತ್ತಿಗೆ ಇನ್ನೊಂದು ಮುಖವೂ ಇದೆ. ರೋಗಿಗೆ ಹೇಳಬೇಕಾದದ್ದನ್ನು ಮುಚ್ಚಿಟ್ಟು ನೆಂಟರಿಷ್ಟರಿಗೆಲ್ಲ ಹೇಳುತ್ತಾ ತಿರುಗುವವರೂ ನಮ್ಮಲ್ಲಿದ್ದಾರೆ. ರೋಗಿಯ ಅನುಮತಿಯಿಲ್ಲದೆ ಆ ವಿವರ ಮನೆಯ ಹೊಸ್ತಿಲು ದಾಟಬಾರದು.

"ಎಲ್ಲವೂ ಅಲ್ಲಾಹನ ಇಚ್ಛೆ, ತಿಳಿದು ಏನಾಗಬೇಕು?" ಎನ್ನುವವರಿದ್ದಾರೆ. ಗುಣ ನೀಡುವವನು ಅಲ್ಲಾಹನೇ, ಸಂಶಯವಿಲ್ಲ. ಆದರೆ ಅವನ ಮೇಲೆ ಭರವಸೆಯಿಟ್ಟೇ ಅಲ್ಲವೇ ನಾವು ಆಸ್ಪತ್ರೆಗೆ ಹೋದದ್ದು? ತವಕ್ಕುಲ್ ಎಂದರೆ ಅಜ್ಞಾನವಲ್ಲ.

ಖಾಲಾ ಈಗ ಮೂಳೆಗೆ ಔಷಧಿ ತೆಗೆದುಕೊಳ್ಳುತ್ತಿದ್ದಾರೆ. ಅವರ ಕಾಗದಗಳೆಲ್ಲ ಒಂದು ಫೈಲಿನಲ್ಲಿವೆ. ಮೊದಲ ಹಾಳೆಯಲ್ಲಿ ಏನನ್ನು ತೆಗೆಯಲಾಗಿದೆ ಎಂದು ಕನ್ನಡದಲ್ಲಿ ಬರೆದು ಅವರಿಗೆ ಓದಿ ಹೇಳಿದ್ದೇನೆ. ಎಂಟು ವರ್ಷ ತಡವಾಗಿ ಒಪ್ಪಿಸಿದ ಅಮಾನತ್ ಅದು. ನಿಮ್ಮ ಮನೆಯ ಚೀಲವನ್ನು ಇಂದೇ ತೆರೆದು ನೋಡಿರಿ. ಅಲ್ಲಾಹನು ರೋಗಿಗಳಿಗೆಲ್ಲ ಶಿಫಾ ನೀಡಲಿ, ಅವರ ಹಕ್ಕನ್ನು ಅವರಿಗೆ ಒಪ್ಪಿಸುವ ತೌಫೀಕನ್ನು ನಮಗೆ ದಯಪಾಲಿಸಲಿ. ಆಮೀನ್.